ನಗೋ ಹೆಂಗಸಿನ ಹಲ್ಲಿನ ಚರಿತ್ರೆ

ಈ ನಡುವೆ ನಮ್ಮ ಸಾಲಿಗ್ರಾಮದ ಕಡೆ ಮದುವೆ ಮನೆಗಳಲ್ಲಿ ಒಂದು ಹೊಸ ಮಾತು ಓಡಾಡ್ತಾ ಅದೆ. ಮೊದಲೆಲ್ಲ "ಹೆಣ್ಣಿಗೆ ಏನೇನು ಒಡವೆ ಹಾಕಿದ್ರು" ಅಂತ ಕೇಳೋರು. ಈಗ "ಹುಡುಗಿ ಹಲ್ಲಿಗೆ ಬಾಂಡಿಂಗ್ ಮಾಡ್ಸವ್ರಂತೆ, ನೋಡಿದ್ರಾ" ಅಂತ ಕಿವಿಯಲ್ಲಿ ಹೇಳ್ಕೋತಾರೆ. ಕೇಳಿಸ್ಕೊಂಡೋರಲ್ಲಿ ಅರ್ಧ ಜನಕ್ಕೆ ಅದೇನು ಅಂತ ಗೊತ್ತಿರಲ್ಲ. ಹಲ್ಲು ಕಿತ್ತು ಬೇರೆ ಕಟ್ತಾರೋ, ಉಜ್ಜಿ ಬಿಳಿ ಮಾಡ್ತಾರೋ, ತಂತಿ ಹಾಕ್ತಾರೋ ಅಂತ ನಮ್ಮ ಮನೇಲೇ ಮೂರು ಜನ ಮೂರು ಥರ ಹೇಳಿದ್ರು. ಸುಲಭವಾಗಿ ಹೇಳೋದಾದ್ರೆ, ಚೂರು ಮುರಿದ, ಸಂದು ಬಿಟ್ಟ, ಇಲ್ಲಾ ಕಲೆ ಬಿದ್ದ ಹಲ್ಲಿನ ಮೇಲೆ ಹಲ್ಲಿನ ಬಣ್ಣದ್ದೇ ಒಂದು ಮೆತ್ತನೆ ಪದಾರ್ಥ ಮೆತ್ತಿ, ಹಲ್ಲಿನ ಆಕಾರ ತಿದ್ದಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡೋದು. ಅಷ್ಟೇ ಬಾಂಡಿಂಗ್.

ಆದ್ರೆ ನನಗೆ ಕುತೂಹಲ ಇದ್ದದ್ದು ಇನ್ನೊಂದರ ಮೇಲೆ. ನಮ್ಮ ಹಲ್ಲು ಹೆಂಗಿರಬೇಕು ಅಂತ ಯಾವ ಕಾಲದಲ್ಲಿ ಯಾರು ಹೇಳಿದ್ರು? ನಮ್ಮಜ್ಜಿ ಕಾಲದ ಚೆಂದದ ಹಲ್ಲು ಬೇರೆ, ಅಮ್ಮನ ಕಾಲದ್ದು ಬೇರೆ, ಈಗಿನ ಹುಡುಗೀರದ್ದು ಬೇರೆ. ಓದಿ ತಿಳ್ಕೊಂಡಿದ್ದನ್ನೂ ಮನೆ ಹಿರಿಯರಿಂದ ಕೇಳಿದ್ದನ್ನೂ ಸೇರಿಸಿ ಇಲ್ಲಿ ಬರೀತಿದೀನಿ.

ಮೊದಲು ನಮ್ಮ ಊರ ಪಕ್ಕದ ಮಾತು. ಚುಂಚನಕಟ್ಟೆಯಲ್ಲಿ ಸಂಕ್ರಾಂತಿ ಹೊತ್ತಿಗೆ ದನಗಳ ಜಾತ್ರೆ ಸೇರೋದು ನಿಮಗೆಲ್ಲ ಗೊತ್ತು. ಅಲ್ಲಿ ಕೊಳ್ಳೋನು ಮೊದಲು ಮಾಡೋ ಕೆಲಸ ಅಂದ್ರೆ ಹೋರಿಯ ಕೆಳತುಟಿ ಸರಿಸಿ ಹಲ್ಲು ನೋಡೋದು. ಹಾಲುಹಲ್ಲೇ ಇದ್ರೆ ಇನ್ನೂ ಕರು. ಎರಡು ವರ್ಷ ದಾಟಿದ ಮೇಲೆ ಎರಡು ಹಲ್ಲು ಹಾಕ್ತದೆ, ಆಮೇಲೆ ನಾಕು, ಆಮೇಲೆ ಆರು. ಎಂಟೂ ಬಂದ್ರೆ ಬಾಯಿಗೂಡ್ತು ಅಂತಾರೆ. ವಯಸ್ಸು, ದುಡಿಯೋ ಶಕ್ತಿ, ಬೆಲೆ ಎಲ್ಲ ಆ ಬಾಯಲ್ಲೇ ಗೊತ್ತಾಗ್ತದೆ. ದಾನ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡಬಾರದು ಅನ್ನೋ ಗಾದೆ ಹುಟ್ಟಿದ್ದೂ ಅದಕ್ಕೇ. ದುಡ್ಡು ಕೊಟ್ಟು ತರೋದಾದ್ರೆ ಮಾತ್ರ ನೋಡು ಅಂತ ಅದರರ್ಥ.

ಹೆಣ್ಣು ನೋಡೋ ಶಾಸ್ತ್ರದಲ್ಲೂ ಇದೇ ಕಣ್ಣು ಇತ್ತು. ಬಂದೋರು "ಹೆಸರು ಹೇಳವ್ವ, ಒಂದು ಹಾಡು ಹೇಳು" ಅಂತಿದ್ದದ್ದು ಅರ್ಧ ದನಿ ಕೇಳೋಕೆ, ಅರ್ಧ ಹಲ್ಲು ನೋಡೋಕೆ ಅಂತ ನಮ್ಮಜ್ಜಿ ನಗ್ತಾ ಹೇಳೋರು. ಹಲ್ಲುಬ್ಬಿ, ಸಂದಲ್ಲಿ, ಮುರುಕಲ್ಲಿ ಅಂತ ಹೆಣ್ಣುಮಕ್ಕಳಿಗೆ ಎಷ್ಟು ಅಡ್ಡಹೆಸರು ನೋಡಿ. ಗಂಡುಮಕ್ಕಳ ಬಾಯನ್ನ ಹಿಂಗೆ ಯಾರೂ ಲೆಕ್ಕ ಹಾಕಿ ನೋಡಿದ್ದು ನಾನು ಕಾಣೆ. ಇನ್ನೊಂದು ಕಡೆ, ನಗೋ ಹೆಂಗಸನ್ನೂ ಅಳೋ ಗಂಡಸನ್ನೂ ನಂಬಬಾರದು ಅನ್ನೋ ಗಾದೆ. ಅಂದ್ರೆ ಹಲ್ಲು ಚೆನ್ನಾಗೂ ಇರಬೇಕು, ಅದನ್ನ ತೋರಿಸಿ ನಗಲೂಬಾರದು. ಹೆಂಗೆ ಅದೆ ನ್ಯಾಯ!

ಆಗಿನ ಕಾಲಕ್ಕೆ ಚೆನ್ನಾಗಿರೋ ಹಲ್ಲು ಅಂದ್ರೆ ಈಗಿನ ಹಂಗೆ ಹಾಲುಬಿಳುಪು ಅಂತಲ್ಲ. ದಾಳಿಂಬೆ ಬೀಜದ ಹಂಗೆ ಒತ್ತಾಗಿ, ಸಾಲಾಗಿ ಇರಬೇಕು ಅಂತಿದ್ರು. ದಾಳಿಂಬೆ ಬೀಜ ಬಿಳೀದಲ್ಲ ಅನ್ನೋದು ನೆನಪಿಟ್ಕೊಳಿ. ವೀಳ್ಯ ಹಾಕೋ ಬಾಯಿ ಕೆಂಪಗಿರ್ತಿತ್ತು, ಅದೇ ಲಕ್ಷಣ. 1443ರಲ್ಲಿ ಪರ್ಷಿಯಾದಿಂದ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕ್ ಅನ್ನೋ ರಾಯಭಾರಿ ಇಲ್ಲಿ ಕಂಡ ವೀಳ್ಯದೆಲೆ ಬಗ್ಗೆ ತನ್ನ ಬರಹದಲ್ಲಿ ಬಿಡಿಸಿ ಬರೆದಿದಾನೆ. ನಮ್ಮ ಮೈಸೂರು ಚಿಗುರೆಲೆಗೆ ಈಗ ಭೌಗೋಳಿಕ ಗುರುತೂ ಸಿಕ್ಕಿದೆ. ಬಾಣಂತಿಗೆ ಎಲೆ, ಮದುವೇಲಿ ಎಲೆ, ಊಟ ಆದ್ರೆ ಎಲೆ. ಬಾಯಿ ಚೆನ್ನಾಗಿ ಕೆಂಪಾದ್ರೆ ಗಂಡನಿಗೆ ಪ್ರೀತಿ ಜಾಸ್ತಿ ಅಂತ ಛೇಡಿಸೋರು. ಎಲೆ ಅಡಿಕೆ ಸುಣ್ಣದ ಕರೆ ಹಲ್ಲಿನ ಮೇಲೆ ಪದರ ಪದರ ಕೂತಿದ್ರೂ ಯಾರೂ ಅದನ್ನ ಕೊಳಕು ಅಂತಿರಲಿಲ್ಲ.

ಇನ್ನು ಕೆಲವು ಕಡೆ ಹಲ್ಲನ್ನ ಬೇಕು ಅಂತಲೇ ಕಪ್ಪು ಮಾಡ್ಕೋತಿದ್ರು. ಮರಾಠಿ ಸೀಮೆಯ ಹೆಂಗಸರು ದಾತವಣ ಅನ್ನೋ ಕಪ್ಪು ಪುಡಿ ಹಚ್ಚೋರು. ದಖ್ಖನಿನ ಮುಸಲ್ಮಾನರ ಮನೆಗಳಲ್ಲಿ ಅದಕ್ಕೆ ಮಿಸ್ಸಿ ಅಂತ ಹೆಸರು. ಜಪಾನಿನಲ್ಲೂ ಮದುವೆಯಾದ ಹೆಂಗಸರು ಶತಮಾನಗಳ ಕಾಲ ಹಲ್ಲು ಕಪ್ಪು ಮಾಡ್ಕೋತಿದ್ರು. ಕಬ್ಬಿಣದ ಚೂರನ್ನ ಹುಳಿಯಲ್ಲಿ ನೆನೆಸಿಟ್ಟು, ಆ ನೀರಿಗೆ ನಮ್ಮ ಮಾಚಿಕಾಯಿ ಥರದ್ದೇ ಒಗರು ಕಾಯಿ ಪುಡಿ ಕಲಸಿ ಬಳಿಯೋದು. ಕಬ್ಬಿಣ, ಒಗರು ಎರಡೂ ಸೇರಿದ್ರೆ ಕಪ್ಪು ಬಣ್ಣ ಬರ್ತದೆ. ಹಳೇ ಕಾಲದ ಬರೆಯೋ ಮಸಿ ಮಾಡ್ತಿದ್ದದ್ದೂ ಇದೇ ಲೆಕ್ಕದಲ್ಲಿ. 1870ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಮನೆತನದೋರು ಇದನ್ನ ಮಾಡಕೂಡದು ಅಂತ ಆಜ್ಞೆ ಹೊರಡಿಸ್ತು. 1873ರಲ್ಲಿ ರಾಣಿಯೇ ಬಿಳೀ ಹಲ್ಲಲ್ಲಿ ಜನರ ಮುಂದೆ ಬಂದ್ಲು. ನಿಧಾನಕ್ಕೆ ಊರಿನ ಹೆಂಗಸರೂ ಬಿಟ್ರು. ನೋಡಿ, ಚೆಂದ ಅಂತಿದ್ದ ಬಣ್ಣ ಒಂದೆರಡು ತಲೆಮಾರಲ್ಲಿ ಅಸಹ್ಯ ಆಗೋಯ್ತು.

ನಮ್ಮಲ್ಲಿ ಬಿಳೀ ಹಲ್ಲಿನ ಆಸೆ ಬಂದದ್ದು ಪುಡಿ ಮತ್ತೆ ಪೇಸ್ಟಿನ ಜೊತೆ. ಅದಕ್ಕೂ ಹಿಂದೆ ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಇದ್ದಲು, ಉಪ್ಪು, ಒಲೆ ಬೂದಿ. ಹೊಂಗೆ ಕಡ್ಡೀಲಿ ಹಲ್ಲುಜ್ಜೋದು ಇವತ್ತಿನದಲ್ಲ, ಚರಕ ಸಂಹಿತೆಯ ಪಟ್ಟಿಯಲ್ಲೇ ಅದರ ಹೆಸರಿದೆ. ಕೆಲವರು ಇಟ್ಟಿಗೆ ಪುಡಿ ಹಾಕಿ ತಿಕ್ಕೋರು. ಅದು ಪಾತ್ರೆ ತಿಕ್ಕಿದ ಹಂಗೆ ಕರೆ ತೆಗೀತಿತ್ತು, ಜೊತೆಗೆ ಹಲ್ಲನ್ನೂ ತೇದು ಹಾಕ್ತಿತ್ತು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರು ಮಾಡಿದ್ರು. ಅಲ್ಲಿಂದ ಬಂದ ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿ ಮೈಸೂರು ಸೀಮೆಯ ಮನೆ ಮನೆ ಬಚ್ಚಲಿಗೂ ಬಂತು. ಅಂಗೈ ಮೇಲೆ ಚೂರು ಹಾಕ್ಕೊಂಡು, ತೋರುಬೆರಳಲ್ಲಿ ಉಜ್ಜಿ, ಕದ್ದು ಚೂರು ನುಂಗಿರೋರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ! 1937ರಲ್ಲಿ ಕೋಲ್ಗೇಟಿನೋರು ಭಾರತದಲ್ಲಿ ಕಂಪನಿ ತೆರೆದ್ರು. ಆಮೇಲೆ ಯಾವ ಪೇಸ್ಟಾದ್ರೂ ಸರಿ, ಅಂಗಡೀಲಿ "ಒಂದು ಕೋಲ್ಗೇಟ್ ಕೊಡಿ" ಅನ್ನೋ ಹಂಗಾಯ್ತು. ಪೇಸ್ಟಿನ ಜೊತೆ ಬಂದ ಜಾಹೀರಾತಿನಲ್ಲಿ ನಗ್ತಿದ್ದ ಹೆಂಗಸಿನ ಹಲ್ಲು ಸುಣ್ಣ ಬಳಿದ ಹಂಗೆ ಬೆಳ್ಳಗಿತ್ತು. ಎಲೆ ಅಡಿಕೆ ಬಾಯಿ ಹಳ್ಳಿಗುಗ್ಗು ಅಂತಾಯ್ತು. ಅಮ್ಮ ಎಲೆ ಹಾಕೋದು ಬಿಟ್ಟದ್ದು ಯಾವ ಡಾಕ್ಟರು ಹೇಳಿದ್ದಕ್ಕೂ ಅಲ್ಲ, ಪೇಟೆಯಿಂದ ಬಂದ ನೆಂಟರ ಮುಂದೆ ನಾಚಿಕೆಯಾಗಿ.

ಬಿಟ್ಟದ್ದು ಒಳ್ಳೇದೇ ಆಯ್ತು ಅನ್ನಿ. ಅಡಿಕೆ ಜಗಿಯೋದು, ಹೊಗೆಸೊಪ್ಪು ಸೇರಿಸದೇ ಇದ್ರೂ, ಬಾಯಿ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸ್ತು. ಹುಣಸೂರು, ಪಿರಿಯಾಪಟ್ಟಣದ ಹೊಲದಲ್ಲಿ ಹೊಗೆಸೊಪ್ಪು ಬೆಳೆಯೋ ಸೀಮೆ ನಮ್ಮದು. ಎಲೆ ಜೊತೆ ಅದನ್ನ ಕೆನ್ನೇಲಿ ಒತ್ತಿಟ್ಕೊಳೋ ಹಿರಿಯರು ಇನ್ನೂ ಇದಾರೆ. ಅವರ ಬಾಯಲ್ಲಿ ಬಿಳಿ ಇಲ್ಲಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಕಂಡ್ರೆ ಹಲ್ಲಿನ ಚೆಂದದ ಮಾತು ಆಮೇಲೆ, ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಈಗ ಹಲ್ಲಿನ ಡಾಕ್ಟರುಗಳ ಕತೆಗೆ ಬರ್ತೀನಿ. ಹಳೇ ಕಾಲದಲ್ಲಿ ಹಲ್ಲಿಗೆ ಇದ್ದ ಔಷಧ ಲವಂಗ, ಕೊನೇ ಔಷಧ ಕೀಳೋದು. ಭಾರತದ ಮೊದಲ ದಂತ ವೈದ್ಯ ಕಾಲೇಜನ್ನ ಡಾ. ರಫಿಯುದ್ದೀನ್ ಅಹಮದ್ 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದ್ರು. ಆ ಕಾಲೇಜಲ್ಲಿ ಓದಿ 1923ರಲ್ಲಿ ಬೊಂಬಾಯಿಯಲ್ಲಿ ಸ್ವಂತ ಹಲ್ಲಿನ ಆಸ್ಪತ್ರೆ ಇಟ್ಟೋರಲ್ಲಿ ಒಬ್ಬ ಹೆಣ್ಣುಮಗಳೂ ಇದ್ರು. ಅವರೇ ಫಾತಿಮಾ ಜಿನ್ನಾ, ಮಹಮದ್ ಅಲಿ ಜಿನ್ನಾ ಅವರ ತಂಗಿ. 1948ರಲ್ಲಿ ದಂತವೈದ್ಯರ ಕಾಯಿದೆ ಬಂತು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ನಮ್ಮ ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜು 1986ರಲ್ಲಿ ಶುರುವಾದವು. ಅಂದ್ರೆ ನಮ್ಮಮ್ಮನ ಬಾಲ್ಯದಲ್ಲಿ ಸಾಲಿಗ್ರಾಮದೋರಿಗೆ ಹತ್ತಿರದಲ್ಲಿ ಹಲ್ಲಿನ ಕಾಲೇಜೇ ಇರಲಿಲ್ಲ. ಮುಂದಿನ ಹಲ್ಲು ಮುರಿದ್ರೆ ದುಡ್ಡಿದ್ದೋರು ಚಿನ್ನದ ಕವಚ ಹಾಕಿಸೋರು, ನಕ್ಕರೆ ಮಿಣಕ್ ಅನ್ನೋದು. ಇಲ್ಲದೋರು ಸೆರಗು ಅಡ್ಡ ಹಿಡಿಯೋರು.

ಆ ಸೆರಗಿನ ಮಾತು ಸುಮ್ಮನೆ ಬರೀತಿಲ್ಲ. ನಮ್ಮ ಓರಗಿತ್ತಿ ಹತ್ತು ವರ್ಷದೋಳಿದ್ದಾಗ ದೇವಸ್ಥಾನದ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರ್ಕೊಂಡ್ಲು. ನೋವಿಲ್ಲ, ರಕ್ತ ಇಲ್ಲ, ಒಂದು ಅಕ್ಕಿಕಾಳಿನಷ್ಟು ಚೂರು ಹೋಗಿತ್ತು ಅಷ್ಟೇ. ಆದ್ರೆ ಅವಳ ಮದುವೆ ಫೋಟೋದಿಂದ ಹಿಡಿದು ಮಗನ ನಾಮಕರಣದ ಫೋಟೋವರೆಗೂ ಒಂದರಲ್ಲೂ ಬಾಯಿ ಬಿಟ್ಟಿಲ್ಲ. ಮಾತಾಡುವಾಗ ಕೈ ತಾನಾಗೇ ತುಟಿ ಮೇಲೆ ಹೋಗ್ತಿತ್ತು. ನೋಡಿದೋರು ಜಂಬ ಅಂತ ತಿಳ್ಕೊಂಡ್ರು. ಅಕ್ಕಿಕಾಳಿನಷ್ಟು ಹಲ್ಲಿಗೆ ಒಬ್ಬಳ ಇಪ್ಪತ್ತೆಂಟು ವರ್ಷದ ನಗು ಹೋಯ್ತು.

ಇಂಥ ಮುರುಕು ಹಲ್ಲಿಗೆ ಪರಿಹಾರ ಬಂದದ್ದು ಅಮೆರಿಕದಲ್ಲಿ, ಮೊದಲು ಸಿನಿಮಾದೋರಿಗೆ. 1930ರ ದಶಕದಲ್ಲಿ ಹಾಲಿವುಡ್‌ನ ಚಾರ್ಲ್ಸ್ ಪಿಂಕಸ್ ಅನ್ನೋ ಹಲ್ಲಿನ ಡಾಕ್ಟರು ನಟ ನಟಿಯರ ಹಲ್ಲಿನ ಮೇಲೆ ತೆಳ್ಳನೆ ಹೊದಿಕೆ ಅಂಟಿಸಿಕೊಡೋರು. ಶೆರ್ಲಿ ಟೆಂಪಲ್ ಅಂತ ಪುಟ್ಟ ಹುಡುಗಿ ದೊಡ್ಡ ನಟಿಯಾಗಿದ್ಲು, ಹಾಲುಹಲ್ಲು ಬಿದ್ದ ಜಾಗ ಕ್ಯಾಮೆರಾಗೆ ಕಾಣದಂಗೆ ಅವಳಿಗೂ ಮಾಡಿಕೊಟ್ಟಿದ್ರು. ಆದ್ರೆ ಅದು ಅಂಟಿನ ಪುಡೀಲಿ ತಾತ್ಕಾಲಿಕವಾಗಿ ಕೂರಿಸಿದ್ದು. ಶೂಟಿಂಗ್ ಮುಗಿದ ಮೇಲೆ ತೆಗೀಬೇಕು, ಹಾಕ್ಕೊಂಡು ಊಟ ಮಾಡಂಗಿಲ್ಲ. ಹಲ್ಲಿನ ಮೇಲಿನ ಎನಾಮಲ್ ಅನ್ನೋ ಪದರ ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ, ಬಲು ನುಣುಪು, ಅದರ ಮೇಲೆ ಯಾವಾಗಲೂ ಎಂಜಲ ಪಸೆ. ಅಲ್ಲಿ ಏನು ಅಂಟ್ತದೆ ಹೇಳಿ.

ಬೀಗದ ಕೈ ಸಿಕ್ಕಿದ್ದು 1955ರಲ್ಲಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಮೈಕೆಲ್ ಬ್ಯುನೊಕೋರ್ ಅನ್ನೋ ಸಂಶೋಧಕರು, ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಹೊಡೆಯೋ ಮುಂಚೆ ಫಾಸ್ಫಾರಿಕ್ ಆಸಿಡ್ ಬಳಿಯೋದನ್ನ ಗಮನಿಸಿದ್ರು. ಬಳಿದ್ರೆ ಬಣ್ಣ ಕಚ್ಚಿ ಹಿಡೀತದೆ. ಹಲ್ಲಿಗೂ ಮೂವತ್ತು ಸೆಕೆಂಡು ಅದನ್ನೇ ಹಚ್ಚಿ ತೊಳೆದು ನೋಡಿದ್ರು. ಎನಾಮಲ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬಿದ್ದು ತರಿತರಿಯಾಯ್ತು, ಮೆತ್ತಿದ ಅಂಟು ಆ ಗುಳಿಗಳ ಒಳಗೆ ಇಳಿದು ಹಿಡ್ಕೊಂತು. ನಮ್ಮ ಭಾಷೇಲಿ ಹೇಳೋದಾದ್ರೆ, ಸವೆದು ನುಣ್ಣಗಾದ ಒಳಕಲ್ಲು ಉದ್ದನ್ನ ಹಿಡಿಯಲ್ಲ, ಉಳೀಲಿ ಏಟು ಹಾಕಿಸಿ ತರಿ ಮಾಡಿಸಿದ್ರೆ ಹಿಡೀತದೆ. ಇದೂ ಹಂಗೇ.

ಅಂಟು ಹಿಡಿಯೋ ದಾರಿ ಸಿಕ್ತು, ಮೆತ್ತೋಕೆ ಒಳ್ಳೇ ಪದಾರ್ಥ ಬೇಕಲ್ಲ. ಆಗಿದ್ದ ಪ್ಲಾಸ್ಟಿಕ್ ಥರದ್ದು ಗಟ್ಟಿಯಾಗುವಾಗ ಕುಗ್ಗಿ ಸಂದು ಬಿಡ್ತಿತ್ತು. ಅಮೆರಿಕದ ರಾಫೆಲ್ ಬೋವೆನ್ ಅನ್ನೋರು ಹೊಸ ರಾಳ ಒಂದನ್ನ ಕಂಡುಹಿಡಿದು, ಅದಕ್ಕೆ ಗಾಜಿನಂಥ ನುಣ್ಣನೆ ಪುಡಿ ಬೆರೆಸಿದ್ರು. 1962ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ತು. ಮುದ್ದೆಗೆ ಹಿಟ್ಟು ಬಿದ್ದ ಹಂಗೆ ಆ ಪುಡಿಯಿಂದ ಬಲ ಬಂತು, ಕುಗ್ಗೋದೂ ಕಡಿಮೆಯಾಯ್ತು. ಇದೇ ಕಾಂಪೋಸಿಟ್. 1970ರ ದಶಕದಲ್ಲಿ ಬೆಳಕು ಹಿಡಿದು ಗಟ್ಟಿ ಮಾಡೋದು ಬಂತು, ಮೊದಲು ಅತಿನೇರಳೆ ಕಿರಣ, ಆಮೇಲೆ ಕಣ್ಣಿಗೆ ಕಾಣೋ ನೀಲಿ ಬೆಳಕು. ಬೆಳಕು ಬಂದ ಮೇಲೆ ಡಾಕ್ಟರಿಗೆ ಅವಸರ ತಪ್ತು. ಮೆತ್ತಿ, ತೀಡಿ, ಆಕಾರ ಸರಿ ಬಂದ ಮೇಲೆ ಬೆಳಕು ಹಿಡಿದ್ರಾಯ್ತು.

ಈಗ ಮೈಸೂರಲ್ಲಿ ಮಾಡೋದೂ ಇದೇ ಕ್ರಮ. ಓರಗಿತ್ತಿ ಜೊತೆ ಹೋಗಿ ಪಕ್ಕದಲ್ಲೇ ನಿಂತು ನೋಡಿದೀನಿ. ಮೊದಲು ಹಲ್ಲು ಕ್ಲೀನ್ ಮಾಡಿದ್ರು. ಹಲ್ಲು ಒದ್ದೆ ಇದ್ದಾಗಲೇ ಬಣ್ಣದ ಅಚ್ಚುಗಳನ್ನ ಪಕ್ಕ ಇಟ್ಟು ಹೊಂದೋದನ್ನ ಆರಿಸಿದ್ರು. ಒಣಗಿದ್ರೆ ಹಲ್ಲು ಇರೋದಕ್ಕಿಂತ ಬೆಳ್ಳಗೆ ಕಾಣ್ತದಂತೆ. ಆಮೇಲೆ ನೀಲಿ ಬಣ್ಣದ ಆಸಿಡ್ ಜೆಲ್ ಹಚ್ಚಿ ಅರ್ಧ ನಿಮಿಷದೊಳಗೆ ತೊಳೆದ್ರು. ಒಣಗಿಸಿದ್ರೆ ಆ ಜಾಗ ಸೀಮೆಸುಣ್ಣದ ಹಂಗೆ ಮಂಕಾಯ್ತು. ಅಂಟಿನ ದ್ರವ ಸವರಿದ್ರು, ಕಾಂಪೋಸಿಟ್ಟನ್ನ ಒಂದೊಂದೇ ಪದರ ಇಟ್ಟು ಪ್ರತಿ ಪದರಕ್ಕೂ ಸುಮಾರು ಇಪ್ಪತ್ತು ಸೆಕೆಂಡು ಬೆಳಕು ಹಿಡಿದ್ರು. ಕೊನೇಲಿ ಕಚ್ಚಿಸಿ ನೋಡಿ, ತೇದು, ಹೊಳಪು ಕೊಟ್ರು. ಸೂಜಿ ಇಲ್ಲ, ನೋವಿಲ್ಲ. ಒಂದು ಗಂಟೆಯೊಳಗೆ ಮುಗೀತು. ಕನ್ನಡಿ ಕೊಟ್ಟಾಗ ಅವಳು ಮೊದಲು ಮಾಡಿದ್ದು ಅಭ್ಯಾಸದ ಮೇಲೆ ಬಾಯಿ ಮುಚ್ಚಿದ್ದು. ಕೈ ಇಳಿಯೋಕೆ ಇನ್ನೂ ಒಂದು ತಿಂಗಳು ಹಿಡೀತು.

ಇದರಿಂದ ನಿಜವಾಗಿ ಉಪಕಾರ ಆಗೋ ಇನ್ನೊಂದು ಗುಂಪಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಗದಗದ ಮುಂಡರಗಿ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಒಳಗೆ ಬೆಳೆಯೋ ವಯಸ್ಸಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳೀ ಗೆರೆ, ಕಂದು ಮಚ್ಚೆ ಬರ್ತವೆ. ಅಮೆರಿಕದ ಕೊಲರಾಡೋದಲ್ಲಿ ಇಂಥ ಕಂದು ಹಲ್ಲುಗಳ ಕಾರಣ ಹುಡುಕೋಕೆ 1901ರಿಂದ ಶುರು ಮಾಡಿ, ನೀರಿನ ಫ್ಲೋರೈಡೇ ಕಾರಣ ಅಂತ ಗೊತ್ತಾಗಿದ್ದು 1931ರಲ್ಲಿ. ಹಲ್ಲುಜ್ಜದ ಸೋಮಾರಿ ಅಂತ ಆ ಮಕ್ಕಳನ್ನ ಬೈದ್ರೆ ಅದಕ್ಕಿಂತ ಅನ್ಯಾಯ ಇಲ್ಲ. ಎಷ್ಟು ಉಜ್ಜಿದ್ರೂ ಆ ಮಚ್ಚೆ ಹೋಗಲ್ಲ, ಅದು ಹಲ್ಲಿನ ಒಳಗೇ ಇರೋದು. ಅಂಥ ಮನೆಯಿಂದ ಸೊಸೆ ತಂದ್ರೆ ದಯವಿಟ್ಟು ಹಲ್ಲಿನ ಮಾತು ಎತ್ತಬೇಡಿ.

ಇನ್ನು ಬಾಂಡಿಂಗಿನ ಮಿತಿಯನ್ನೂ ಹೇಳಿಬಿಡ್ತೀನಿ. ಇದು ಜನ್ಮಕ್ಕೆಲ್ಲ ಒಂದೇ ಸಲ ಮಾಡ್ಸೋ ಕೆಲಸ ಅಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಐದರಿಂದ ಹತ್ತು ವರ್ಷ, ಕೆಲವರಿಗೆ ಅದಕ್ಕೂ ಮುಂಚೆ ಸರಿ ಮಾಡಿಸಬೇಕಾಗ್ತದೆ. ಕಾಫಿ, ಟೀ, ಅರಿಶಿನ, ಎಲೆ ಅಡಿಕೆ ಕರೆ ನಿಜವಾದ ಹಲ್ಲಿಗಿಂತ ಬೇಗ ಕೂರ್ತದೆ. ಸಂಕ್ರಾಂತಿ ಕಬ್ಬನ್ನ ಮುಂದಿನ ಹಲ್ಲಲ್ಲಿ ಸಿಗಿಯೋದು, ಸಕ್ಕರೆ ಅಚ್ಚು ಕಡಿಯೋದು, ಪಿನ್ನು ಕಚ್ಚಿ ಬಿಡಿಸೋದು, ದಾರ ಕಡಿಯೋದು ಬಿಡಬೇಕು. ಕಬ್ಬು ತಿನ್ನೋದಾದ್ರೆ ಚೂರು ಮಾಡಿ ದವಡೇಲಿ ಜಗೀರಿ. ಇನ್ನೊಂದು, ಹಲ್ಲು ಬಿಳಿ ಮಾಡೋ ಔಷಧ ಕಾಂಪೋಸಿಟ್ಟಿನ ಬಣ್ಣ ಬದಲಾಯಿಸಲ್ಲ. ಬಿಳಿ ಮಾಡ್ಸೋ ಆಸೆ ಇದ್ರೆ ಅದನ್ನ ಮೊದಲು ಮುಗಿಸಿ, ಕೆಲವು ದಿನ ಬಿಟ್ಟು ಆಮೇಲೆ ಬಾಂಡಿಂಗ್. ವಸಡಲ್ಲಿ ರಕ್ತ ಬರ್ತಿದ್ರೆ, ಹುಳುಕು ಇದ್ರೆ ಅದರ ಚಿಕಿತ್ಸೆ ಮುಂಚೆ ಆಗ್ಲೇಬೇಕು. ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದೆ ಅನ್ನೋದು ಸುಳ್ಳು. ಗಾರೆ ಹಲ್ಲನ್ನ ಹಿಡಿದಿರೋದಲ್ಲ, ವಸಡನ್ನ ತಿಂತಿರೋದು.

ಬಾಂಡಿಂಗಿನ ದೊಡ್ಡ ಗುಣ ಅಂದ್ರೆ ಅದು ನಮ್ಮ ಸ್ವಂತ ಹಲ್ಲನ್ನ ಹೆಚ್ಚು ಮುಟ್ಟಲ್ಲ. ಬಹಳ ಸಲ ಕೊರೆಯೋದೇ ಬೇಕಾಗಲ್ಲ. ಕ್ಯಾಪ್ ಹಾಕಬೇಕಾದ್ರೆ ಹಲ್ಲನ್ನ ಸುತ್ತ ತೇದು ಸಣ್ಣ ಮಾಡ್ತಾರೆ. ಎನಾಮಲ್ ಕೂದಲು ಉಗುರಿನ ಹಂಗೆ ಮತ್ತೆ ಬೆಳೆಯಲ್ಲ. ಅದಕ್ಕೇ ಮೂಲೆ ಚೂರು ಮುರಿದ ಎಳೇ ವಯಸ್ಸಿನ ಹುಡುಗಿಗೆ "ಮದುವೆಗೆ ಸಾಲಾಗಿ ಕಾಣಲಿ, ಆರು ಹಲ್ಲಿಗೂ ಕ್ಯಾಪ್ ಹಾಕಿಸಿಬಿಡಿ" ಅಂತ ಯಾರಾದ್ರೂ ಅಂದ್ರೆ, ಇನ್ನೊಬ್ಬ ಡಾಕ್ಟರನ್ನ ಕೇಳದೆ ಒಪ್ಪಬೇಡಿ. ತೇಯ್ದೇ ಮಾಡೋ ದಾರಿ ಇದೆಯಾ, ಒಂದು ಹಲ್ಲಿಗೆ ಎಷ್ಟು, ಚೂರು ಎದ್ರೆ ಮತ್ತೆ ಸರಿ ಮಾಡ್ತೀರಾ, ಈ ಮೂರು ಮಾತು ಬಾಯಿ ಬಿಟ್ಟು ಕೇಳಿ. ದಂತ ಕಾಲೇಜಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಜಾಸ್ತಿ ಹಿಡೀತದೆ.

ಮತ್ತೆ ಇದನ್ನ ಮನೇಲಿ ಮಕ್ಕಳಿರೋರೆಲ್ಲ ನೆನಪಿಟ್ಕೊಳಿ. ಮಗು ಬಿದ್ದು ಹಲ್ಲು ಮುರಿದ್ರೆ ಆ ಚೂರನ್ನ ಹುಡುಕಿ, ಹಾಲು ಇಲ್ಲಾ ನೀರಿಗೆ ಹಾಕಿ ಡಾಕ್ಟರ ಹತ್ರ ತಗೊಂಡು ಹೋಗಿ. ಎಷ್ಟೋ ಸಲ ಅದೇ ಚೂರನ್ನ ಬಾಂಡಿಂಗ್ ಅಂಟಲ್ಲೇ ಮತ್ತೆ ಕೂರಿಸ್ತಾರೆ. ಶಾಶ್ವತ ಹಲ್ಲು ಪೂರಾ ಕಿತ್ತು ಬಂದಿದ್ರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು, ಉಜ್ಜದೆ, ಹಾಲಲ್ಲಿ ಹಾಕಿ ಒಂದು ಗಂಟೆಯೊಳಗೆ ಓಡಿ.

ಕೆಂಪು, ಕಪ್ಪು, ಬಿಳಿ ಮೂರೂ ಬಣ್ಣ ಆಯ್ತು, ಒಂದನ್ನೂ ಹೆಂಗಸರನ್ನ ಕೇಳಿ ಇಟ್ಟಿರಲಿಲ್ಲ. ನೋಡೋಕೆ ಬರೋರ ಕಣ್ಣಿಗೋಸ್ಕರ ಮಗಳ ಹಲ್ಲು ತಿದ್ದಿಸೋಕೆ ಹೊರಡೋ ಮುಂಚೆ "ನಿನಗೆ ಬೇಕಾ ಮಗಾ" ಅಂತ ಅವಳನ್ನ ಒಂದು ಮಾತು ಕೇಳಿ. ಬೇಕು ಅಂದ್ರೆ ಸಂತೋಷವಾಗಿ ಕರ್ಕೊಂಡು ಹೋಗಿ, ಬೇಡ ಅಂದ್ರೆ ಆ ದುಡ್ಡಲ್ಲಿ ಮನೇಲಿ ಎಲ್ಲರ ಹಲ್ಲನ್ನೂ ಒಂದು ಸಲ ಕ್ಲೀನ್ ಮಾಡಿಸಿ. ನಮ್ಮ ಓರಗಿತ್ತಿ ಹಂಗೆ ಯಾವ ಹುಡುಗಿಯಾದ್ರೂ ಬಾಯಿ ಮೇಲೆ ಕೈ ಇಟ್ಕೊಂಡು ಮಾತಾಡೋದು ಕಂಡ್ರೆ, ಅದಕ್ಕೆ ಒಂದು ಗಂಟೆ ಕೆಲಸದ ಪರಿಹಾರ ಇದೆ ಅಂತ ಅವಳ ತಾಯಿಗೆ ಮೆಲ್ಲಗೆ ಹೇಳಿ.